ರೆಕ್ಕೆಯ ಸಂದು

“ತಿರುಗ್ಸು ಶಾಂಭವಿ, ಹೊಳಿ ಕಡಿ ಹೊಂಟದ,” ಎಂದು ಅಣ್ಣ ಕಲ್ಲಿನಾಥ ಕೂಗಿದ.

ಶಾಂಭವಿ ರಿಮೋಟಿನ ಕಡ್ಡಿಯನ್ನು ಬಲಕ್ಕೆ ಒತ್ತಿ ಹಿಡಿದಿದ್ದಳು. ಹೆಬ್ಬೆರಳು ನೋಯುತ್ತಿತ್ತು. ಆದರೂ ಥರ್ಮಾಕೋಲಿನ ವಿಮಾನ ಸೋಮಾರಿ ಎಮ್ಮೆಯ ಹಾಗೆ ಮೆಲ್ಲಗೆ ಹೊರಳುತ್ತ ಭೀಮಾ ಹೊಳೆಯ ಕಡೆಗೇ ನಡೆಯಿತು. ಅಣ್ಣ ರಿಮೋಟ್ ಕಸಿದುಕೊಂಡು, ದಂಡೆಯ ಜಾಲಿಗಿಡಗಳ ಈಚೆಗೆ ಅದನ್ನು ಹೇಗೋ ಇಳಿಸಿದ.

“ನಾಳಿ ಸಾಲ್ಯಾಗ ನನ್ನ ದೋಸ್ತ ಶರಣಕುಮಾರ ಹಾರಸ್ತಾನ. ನಿನ್ನ ಕೈಲಿ ಆಗಂಗಿಲ್ಲ.”

ಶಾಂಭವಿಗೆ ಅಳುವೇ ಬಂತು. ನಾಳೆಯ ವಿಜ್ಞಾನ ಹಬ್ಬದಲ್ಲಿ ವಿಮಾನ ಹಾರಿಸುವವಳು ತಾನೇ ಎಂದು ಐದನೇ ಕ್ಲಾಸಿಗೆಲ್ಲ ಡಂಗುರ ಸಾರಿ ಬಂದಿದ್ದಳು.

“ವಿಮಾನದಾಗೇ ಏನೋ ಆಗ್ಯದ ಅಣ್ಣಾ.”

“ಕುಣ್ಯಾಕ ಬರಲಾರದಾಕಿ ನೆಲ ಡೊಂಕ ಅಂದ್ಳಂತ.”

ಸಿಟ್ಟಿನಿಂದ ಅವಳು ವಿಮಾನವನ್ನು ಎತ್ತಿಕೊಂಡಳು. ರೆಕ್ಕೆಯ ಹಿಂದಿನ ಅಂಚಿಗೆ ಒಂದು ಪಟ್ಟಿ ಇರುತ್ತದೆ. ಅದು ಕದದ ಹಾಗೆ ಮೇಲೆ ಕೆಳಗೆ ಆಡಿದರೆ ವಿಮಾನ ತಿರುಗುತ್ತದೆ. ಆ ಪಟ್ಟಿಗೂ ರೆಕ್ಕೆಗೂ ನಡುವೆ ಬಿಸಿಲಿನ ಒಂದು ಗೆರೆ ಕಂಡಿತು.

“ನೆಲಾನೇ ಡೊಂಕ ಅದ, ನೋಡು. ಈ ಸಂದ್ಯಾಗ ಬೆಳಕ ಬರ್ತದಂದ್ರ ಗಾಳಿ ಸೋರಂಗಿಲ್ಲೇನು?”

ಕಲ್ಲಿನಾಥ ಕಣ್ಣು ಕಿರಿದು ಮಾಡಿ ನೋಡಿದ. ದೊಡ್ಡ ಜಾಣ, ಇಷ್ಟು ದಿನ ಅವನ ಕಣ್ಣಿಗೂ ಅದು ಬಿದ್ದಿರಲಿಲ್ಲ. ಚೀಲದಿಂದ ಟೇಪ್ ತೆಗೆದುಕೊಟ್ಟ.

ಅವಳು ಪಟ್ಟಿಯನ್ನು ನೆಟ್ಟಗಿಟ್ಟು, ರೆಕ್ಕೆಯ ಕೆಳಗಿನಿಂದ ಸಂದಿನ ಉದ್ದಕ್ಕೂ ಟೇಪನ್ನು ಬಿಗಿಯಾಗಿ ಅಂಟಿಸಿದಳು. ಪಟ್ಟಿ ಕೆಳಗೆ ಬಾಗಿತು. ಮೇಲಕ್ಕೆ ಮಾತ್ರ ಏಳಲೇ ಇಲ್ಲ.

“ಇದ್ದದ್ದೂ ಹೋತು,” ಎಂದ ಅಣ್ಣ.

ಶಾಂಭವಿಗೆ ತನ್ನ ಗಣಿತ ಪುಸ್ತಕ ನೆನಪಾಯಿತು. ಪುಸ್ತಕ ತೆರೆದಿಟ್ಟುಕೊಂಡೇ ಖಾಕಿ ಕವರ್ ಬಿಗಿದಿದ್ದಳು. ಮುಚ್ಚಲು ಹೋದರೆ ಕಾಗದ ಸಾಲದೆ ಪರ್ರನೆ ಹರಿದಿತ್ತು. ಮುಚ್ಚಿಟ್ಟು ಕವರ್ ಹಾಕಿದರೆ ಆ ತೊಂದರೆಯಿಲ್ಲ.

ಟೇಪ್ ಕಿತ್ತು ಹಾಕಿದಳು. “ಅಣ್ಣಾ, ಪಟ್ಟಿ ಪೂರಾ ಮ್ಯಾಲ ಮಡಚಿ ಹಿಡಿ.”

ಹಾಗೆ ಕೆಳಗಡೆ ಅಗಲವಾದ ಸಂದಿನೊಳಕ್ಕೆ ಹೊಸ ಟೇಪನ್ನು ಉಗುರಿನಿಂದ ಒತ್ತಿ ಕೂರಿಸಿದಳು. ಇನ್ನೊಂದು ರೆಕ್ಕೆಗೂ ಹಾಗೆಯೇ ಮಾಡಿದಳು. ಈಗ ಪಟ್ಟಿಗಳು ಮೇಲೆ ಕೆಳಗೆ ಸಲೀಸಾಗಿ ಆಡಿದವು.

“ಒಂದ್ ಸಲ ಕೊಡು. ತಿರುಗ್ಲಿಲ್ಲಂದ್ರ ಶರಣಣ್ಣನ ಕೈಗೇ ಕೊಡು.”

ಕಲ್ಲಿನಾಥ ವಿಮಾನವನ್ನು ಎಸೆದ. ಅದು ತೊಗರಿ ಕೊಯ್ದ ಹೊಲದ ಮೇಲೆ ಏರಿ ಹೊಳೆಯತ್ತ ಓಡಿತು. ಶಾಂಭವಿ ಎಂದಿನಂತೆ ಕಡ್ಡಿಯನ್ನು ಪೂರ್ತಿ ಒತ್ತಿದಳು.

ವಿಮಾನ ಗಕ್ಕನೆ ಮಗ್ಗುಲಾಗಿ ಕೆಳಗೆ ಜಾರಿತು. ಬೆರಳು ಸಡಿಲಿಸಿ ಅದನ್ನು ನೆಟ್ಟಗೆ ಮಾಡಿದಳು. ಮತ್ತೆ ಒತ್ತಿದಳು, ಈ ಸಲ ಸ್ವಲ್ಪವೇ.

ಜಾಲಿಗಿಡಗಳ ಇದಿರಿಗೇ ವಿಮಾನ ಚಂದವಾಗಿ ಹೊರಳಿತು. ಗುಂಯ್ ಎನ್ನುತ್ತ ಅವಳ ತಲೆಯ ಮೇಲೆ ಹಾದುಬಂತು. ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಖುಷಿ ತಡೆಯಲಾರದೆ ಶಾಂಭವಿ ಕೇಕೆ ಹಾಕಿದಳು.

ಅಣ್ಣ ಜೇಬಿನಿಂದ ಫೋನ್ ತೆಗೆದ. “ಶರಣು, ನಾಳಿ ನೀ ಬ್ಯಾಟರಿ ಹಿಡ್ಕೊಂಡ್ ನಿಂದ್ರು ಸಾಕು. ಶಾಂಭವಿ ಹಾರಸ್ತಾಳ.”

ಶಾಂಭವಿಗೆ ಅದು ಕೇಳಿಸಿತು, ಆದರೆ ತಿರುಗಿ ನೋಡಲಿಲ್ಲ. ವಿಮಾನವನ್ನು ಇನ್ನೂ ಇಳಿಸಬೇಕಿತ್ತು. ಇಷ್ಟು ದಿನ ಪಾಪ ಅದರ ಮೇಲೆ ಎಷ್ಟೊಂದು ಜೋರು ಮಾಡಿದೆ ಎಂದು ಅವಳಿಗೇ ನಗು ಬಂತು. ಬೆರಳನ್ನು ಕಡ್ಡಿಯ ಮೇಲೆ ಹಗುರವಾಗಿ ಇಟ್ಟುಕೊಂಡು, ಅದು ಬರುವ ದಾರಿಯನ್ನು ನೋಡುತ್ತ ನಿಂತಳು.