ಗಡಿ ಬಂತು, ಹೆಸರು ಕೂಗು

"ರಂಗೇಶಾ!"

ಅಜ್ಜಿ ರೈಲಿನೊಳಗೆ ಎದ್ದು ನಿಂತು ಕೂಗಿದ ರಭಸಕ್ಕೆ ಎದುರು ಸೀಟಿನವರ ಕೈಯಲ್ಲಿದ್ದ ಶೇಂಗಾ ನೆಲಕ್ಕೆ ಚೆಲ್ಲಿತು.

ರಂಗೇಶ ಅಂದರೆ ರಂಜಿತಾಳ ಅಪ್ಪ. ಅಜ್ಜಿಯ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ಕುಳಿತಿದ್ದ. ಅಜ್ಜಿ ಮಾತ್ರ ಅವನು ಎರಡು ಗುಡ್ಡದ ಆಚೆ ಇದ್ದಾನೇನೋ ಅನ್ನುವ ಹಾಗೆ ಕೂಗಿದ್ದಳು.

"ಬಂದೆ," ಎಂದ ಅಪ್ಪ, ತಲೆ ತಗ್ಗಿಸಿಕೊಂಡು.

"ಲತಾ!"

"ಬಂದೆ, ಅತ್ತೆ," ಎಂದಳು ಅಮ್ಮ.

"ರಂಜಿತಾ!"

ರಂಜಿತಾ ಕಿಟಕಿಯ ಕಡೆ ಮುಖ ತಿರುಗಿಸಿ, ತಾನು ಯಾರ ಮನೆಯ ಹುಡುಗಿಯೋ ಎಂಬಂತೆ ಕುಳಿತಿದ್ದಳು.

"ರಂಜಿತಾ! ಲೇ, ರಂಜಿತಾ!"

"ಏ ಪಾಪ, ಬಂದೆ ಅಂದ್ಬಿಡವ್ವ," ಎಂದರು ಶೇಂಗಾದವರು, ಕಿವಿಗೆ ಬೆರಳಿಟ್ಟುಕೊಂಡು. "ಇನ್ನೊಂದು ಸಲ ಕೂಗಿದ್ರೆ ನನ್ನ ಕಿವಿ ಕೈಗೆ ಬರ್ತೈತೆ."

"ಬಂದೆ," ಎಂದಳು ರಂಜಿತಾ, ಕಿಟಕಿಗೆ ಮಾತ್ರ ಕೇಳಿಸುವಷ್ಟು ಸಣ್ಣಗೆ.

"ಶಿವೂ!"

"ಬಂದೇಏಏ!" ಐದು ವರ್ಷದ ಶಿವುಗೆ ಈ ಆಟ ಬಲು ಇಷ್ಟ. ಅವನು ಸೀಟಿನ ಮೇಲೆ ನಿಂತು, ಎರಡೂ ಕೈ ಎತ್ತಿ ಕಿರುಚಿದ.

ನಾಲ್ಕು ಹೆಸರೂ ಮುಗಿದವು. ಅಜ್ಜಿ ಸಮಾಧಾನದಿಂದ ಕುಳಿತು ಎಲೆ ಅಡಿಕೆ ಹಾಕಿಕೊಂಡಳು. ಹೊರಗೆ ರಾಯದುರ್ಗದ ಬೋರ್ಡು ತೆಲುಗಿನಲ್ಲಿ ಕಾಣುತ್ತಿತ್ತು.

ಇದು ಅಜ್ಜಿಯ ಮನೆತನದಲ್ಲಿ ಹಿಂದಿನಿಂದ ಬಂದ ಪದ್ಧತಿ. ಕುರಿ ಹೊಡೆದುಕೊಂಡು ಆಂಧ್ರದ ಕಡೆ ಮೇವಿಗೆ ಹೋಗುವಾಗ, ಸೀಮೆ ದಾಟುವ ಕಡೆ ಎಲ್ಲರೂ ನಿಲ್ಲಬೇಕು. ಒಬ್ಬರು ಹೆಸರು ಹಿಡಿದು ಕೂಗಬೇಕು. ಕರೆಸಿಕೊಂಡವರು 'ಬಂದೆ' ಅನ್ನಬೇಕು. ಎಲ್ಲರೂ ಬಂದರು ಅಂತ ಖಾತ್ರಿಯಾದ ಮೇಲೆ ಒಂದು ತೆಂಗಿನಕಾಯಿ ಒಡೆದು ಮುಂದಕ್ಕೆ ಹೆಜ್ಜೆ ಇಡಬೇಕು. ಅಜ್ಜಿ ಕುರಿ ಬಿಟ್ಟು ಎಷ್ಟೋ ವರ್ಷವಾಗಿತ್ತು. ಕೂಗುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಅಜ್ಜಿ ಚೀಲದಿಂದ ಕಾಯಿ ತೆಗೆದು, ಎಲ್ಲಿ ಒಡೆಯಲಿ ಅಂತ ಸುತ್ತ ನೋಡಿದಳು. ಶೇಂಗಾದವರು ತಮ್ಮ ಕಾಲು ಹಿಂದಕ್ಕೆ ಎಳೆದುಕೊಂಡರು.

"ಅವ್ವಾ, ಈಗ್ಲೇ ಒಡೀಬ್ಯಾಡ," ಎಂದ ಅಪ್ಪ. "ಮುಂದೆ ಬಳ್ಳಾರಿ ಬರ್ತೈತೆ. ಅದು ಮತ್ತೆ ಕರ್ನಾಟಕ."

"ಮತ್ತೆ ನಮ್ಮ ಸೀಮೆನಾ?"

"ಹ್ಞೂಂ. ಅದಾದ ಮ್ಯಾಲೆ ಗುಂತಕಲ್ಲು. ಅದು ಮತ್ತೆ ಆಂಧ್ರ. ಅಲ್ಲಿ ರೈಲು ಬದಲಿಸಿದ್ರೆ ತಮಿಳುನಾಡು."

ಅಜ್ಜಿ ಬಾಯಿ ತೆರೆದುಕೊಂಡು ಮಗನನ್ನೇ ನೋಡಿದಳು. "ಯಾರಪ್ಪ ಈ ಗಡಿ ಹಾಕ್ದೋನು? ದಾರಿ ತಪ್ಪಿದ ಕುರಿ ಹಿಂದೆ ಹೋಗ್ಯಾನೆ ಅಂತ ಕಾಣ್ತೈತೆ. ನಾನು ತಂದಿರಾದು ಒಂದೇ ಕಾಯಿ!"

ಕೊನೆಗೆ ಕಾಯಿಯನ್ನು ತಮಿಳುನಾಡಿನ ಗಡಿಗೆ ಉಳಿಸಿಕೊಳ್ಳುವುದು, ಮಿಕ್ಕ ಗಡಿಗಳಿಗೆ ಬರೀ ಕೂಗುವುದು ಅಂತ ತೀರ್ಮಾನವಾಯಿತು.

ಇಷ್ಟಕ್ಕೂ ತಾಳ್ಯ ಎಂಬ ಊರಿನ ಈ ಸಂಸಾರ ಹೊರಟಿದ್ದು ಚೆನ್ನೈಗೆ, ಕ್ರೂಸ್ ಹಡಗು ಹತ್ತುವುದಕ್ಕೆ. ಹೊಳಲ್ಕೆರೆಯ ಸೀರೆ ಅಂಗಡಿಯ ಲಕ್ಕಿ ಡ್ರಾದಲ್ಲಿ ಅಮ್ಮನಿಗೆ ಮೂರನೇ ಬಹುಮಾನ ಬಂದಿತ್ತು. ನಾಲ್ಕು ಜನಕ್ಕೆ ಸಮುದ್ರದಲ್ಲಿ ಎರಡು ದಿನ ಸುತ್ತಾಟ, ಚಿಕ್ಕ ಮಗು ಫ್ರೀ. ಅಮ್ಮ ಆಸೆಪಟ್ಟಿದ್ದು ನಾಲ್ಕನೇ ಬಹುಮಾನದ ಮಿಕ್ಸಿಗೆ. "ಹಡಗು ತಗೊಂಡು ಚಟ್ನಿ ರುಬ್ಬಾಕಾಗ್ತೈತಾ?" ಅಂತ ಅಂಗಡಿಯಲ್ಲೇ ಕೇಳಿದ್ದಳು. ಬದಲಾಯಿಸಿಕೊಡುವುದಿಲ್ಲ ಅಂದರು.

ರಂಜಿತಾಳಿಗೆ ಮಾತ್ರ ಆವತ್ತಿನಿಂದ ಹಡಗಿನದೇ ಧ್ಯಾನ. ಐದನೇ ಕ್ಲಾಸಿನಲ್ಲಿ ಸಮುದ್ರ ನೋಡಿದವರು ಒಬ್ಬರೂ ಇರಲಿಲ್ಲ. "ಹೋಗಿ ಬಂದು ಎಲ್ಲರಿಗೂ ಹೇಳ್ಬೇಕು," ಅಂದಿದ್ದರು ರವೀಂದ್ರ ಮೇಷ್ಟ್ರು. ಪಕ್ಕದಲ್ಲಿ ಕೂರುವ ಸುಮಿತ್ರಾ, "ಇವಳು ಬುರುಡೆ ಬಿಡ್ತಾಳೆ ಸಾರ್," ಅಂದಿದ್ದಳು. ಹಾಗಾಗಿ ಹಡಗು ತಪ್ಪುವ ಹಾಗೇ ಇರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಹಡಗಿನ ಬಾಗಿಲು ಹಾಕುತ್ತಾರೆ, ಆಮೇಲೆ ಯಾರು ಬಂದರೂ ತೆಗೆಯುವುದಿಲ್ಲ ಅಂತ ಫೋನಿನಲ್ಲಿ ಮೆಸೇಜು ಬಂದಿತ್ತು. ರಂಜಿತಾ ಅದನ್ನು ಎಷ್ಟು ಸಲ ಓದಿದ್ದಳೋ.

ಬಳ್ಳಾರಿ ಸೀಮೆ ಬಂತು. ಅಜ್ಜಿ ಕೂಗಿದಳು. ಬಳ್ಳಾರಿ ದಾಟಿ ಮತ್ತೆ ಆಂಧ್ರ ಬಂತು. ಅಜ್ಜಿ ಮತ್ತೆ ಎದ್ದಳು. ಈ ಸಲ ಎದುರಿಗೆ ಮೂವರು ಕಾಲೇಜು ಹುಡುಗರು ಕುಳಿತಿದ್ದರು. ಒಬ್ಬ ಮೊಬೈಲ್ ಹಿಡಿದು ವಿಡಿಯೋ ಮಾಡಿಕೊಂಡ. ಆಮೇಲೆ ಮೂವರೂ ಅದನ್ನು ಮತ್ತೆ ಮತ್ತೆ ಹಾಕಿ ನೋಡಿದರು. "ರಂಜಿತಾ! ಲೇ, ರಂಜಿತಾ!" ಅಂತ ಮೊಬೈಲ್ ಕೂಗುತ್ತಿತ್ತು. ಅವರು ಬಿದ್ದು ಬಿದ್ದು ನಗುತ್ತಿದ್ದರು. ರಂಜಿತಾಳ ಕಣ್ಣಲ್ಲಿ ನೀರು ಬಂತು.

ಗುಂತಕಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ಚೆನ್ನೈ ರೈಲಿಗೆ ಕಾಯುವಾಗ ಅವಳು ಅಜ್ಜಿಯ ಸೆರಗು ಜಗ್ಗಿದಳು.

"ಅಜ್ಜಿ, ಇನ್ನು ಕೂಗಬ್ಯಾಡ. ಎಲ್ರೂ ನಗ್ತಾರೆ."

"ಕೂಗ್ದಿದ್ರೆ ಯಾರು ಬಂದ್ರು, ಯಾರು ಬಿಟ್ಟೋದ್ರು ಅಂತ ಹೆಂಗವ್ವ ಗೊತ್ತಾಗಾದು?"

"ನಾವೇನು ಕುರಿನಾ?"

"ಕುರಿ ಆಗಿದ್ರೆ ಚಿಂತೆ ಇರ್ಲಿಲ್ಲ ಬಿಡು. ಅವು ಒಂದರ ಹಿಂದೊಂದು ಬರ್ತಾವೆ."

"ಹಡಗಿನಾಗೆ ದೊಡ್ಡ ದೊಡ್ಡೋರು ಇರ್ತಾರಜ್ಜಿ. ನನಗೆ ನಾಚಿಕೆ ಆಗ್ತೈತೆ. ಪ್ಲೀಸ್."

ಅಜ್ಜಿ ಸೆರಗು ಬಿಡಿಸಿಕೊಂಡಳು. "ಆತು ಬಿಡವ್ವ. ನಿನ್ನ ಮುಂದೆ ಕೂಗಲ್ಲ," ಎಂದಳು. ರಂಜಿತಾಳಿಗೆ ಎದೆ ಹಗುರಾಯಿತು.

ಮರುದಿನ ಬೆಳಗ್ಗೆ ರೈಲು ರೇಣಿಗುಂಟದಲ್ಲಿ ನಿಂತಾಗ ಅಪ್ಪ ಮೇಲಿನ ಬರ್ತಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಅಮ್ಮ ಶಿವುಗೆ ಮುಖ ತೊಳೆಸಲು ಹೋಗಿದ್ದಳು. ರಂಜಿತಾ ಅಪ್ಪನ ಮೊಬೈಲಿನಲ್ಲಿ ಹಡಗಿನ ಫೋಟೋ ನೋಡುತ್ತಿದ್ದಳು. ಹಡಗಿನ ಮೇಲೆ ಈಜುಕೊಳ ಇತ್ತು. ಸುತ್ತಲೂ ಅಷ್ಟು ನೀರಿರುವಾಗ ಮೇಲೆ ಮತ್ತೆ ನೀರು ಯಾಕೆ ಅಂತ ಅವಳು ಯೋಚಿಸುತ್ತಿದ್ದಾಗ ರೈಲು ಹೊರಟಿತು.

ಸುಮಾರು ದೂರ ಹೋದ ಮೇಲೆ ಹೊರಗಿನ ಬೋರ್ಡುಗಳ ಅಕ್ಷರ ಬದಲಾಯಿತು. ತೆಲುಗನ್ನು ಕನ್ನಡದ ಹಾಗೇ ಹೇಗೋ ತಡವರಿಸಿ ಓದಬಹುದಿತ್ತು. ಇದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ.

ಶಿವು ಸೀಟಿನ ಮೇಲೆ ಕೈ ಎತ್ತಿಕೊಂಡು, ಬಾಯಿ ತೆರೆದುಕೊಂಡು ಸಿದ್ಧವಾಗಿ ನಿಂತಿದ್ದ. ನಿಂತು ನಿಂತು ಅವನ ಕೈ ಸೋತಿತು.

"ಅಕ್ಕಾ, ಬಾರ್ಡರ್ ಬಂತು. ಅಜ್ಜಿ ಯಾಕೆ ಕೂಗ್ಲಿಲ್ಲ?"

"ಕೂಗಬ್ಯಾಡ ಅಂತ ನಾನೇ ಹೇಳಿದ್ದೆ," ಎಂದು ರಂಜಿತಾ ಪಕ್ಕಕ್ಕೆ ತಿರುಗಿದಳು.

ಪಕ್ಕದಲ್ಲಿ ಅಜ್ಜಿ ಇರಲಿಲ್ಲ. ಅಜ್ಜಿಯ ಚಪ್ಪಲಿ ಸೀಟಿನ ಕೆಳಗಿತ್ತು. ಚೀಲ ಇತ್ತು. ಚೀಲದಲ್ಲಿ ಕಾಯಿ ಇರಲಿಲ್ಲ.

ಅಪ್ಪ ಮೇಲಿನಿಂದ ಇಳಿದು ಬಂದ. ಅಮ್ಮ ಆ ತುದಿಯಿಂದ ಈ ತುದಿಯವರೆಗೆ ಬೋಗಿ ಹುಡುಕಿ ಬಂದಳು. ರಂಜಿತಾಳಿಗೆ ಎಲ್ಲ ಅರ್ಥವಾಗಿಹೋಯಿತು. ಕೂಗುವುದು ಬೇಡ ಅಂದಿದ್ದಕ್ಕೆ, ಕಾಯಿಯನ್ನಾದರೂ ಒಡೆಯೋಣ ಅಂತ ಅಜ್ಜಿ ಗಡಿಗೆ ಮೊದಲು ರೈಲು ನಿಂತ ರೇಣಿಗುಂಟದಲ್ಲಿ ಬರಿಗಾಲಲ್ಲಿ ಇಳಿದಿದ್ದಾಳೆ. ಅಜ್ಜಿಗೆ ಓದಲು ಬರುವುದಿಲ್ಲ. ಕೈಯಲ್ಲಿ ಫೋನೂ ಇಲ್ಲ.

"ಮುಂದೆ ಅರಕ್ಕೋಣಂ ಬರ್ತೈತೆ. ನಾನು ಇಳಿದು ವಾಪಸ್ ಹೋಗ್ತೀನಿ," ಎಂದ ಅಪ್ಪ. "ನೀವು ಮೂವರೂ ಹೋಗಿ ಹಡಗು ಹತ್ರಿ. ಮಗು ಅಷ್ಟು ಆಸೆ ಇಟ್ಕಂಡೈತೆ."

"ನನಗೆ ಹಡಗು ಬ್ಯಾಡಪ್ಪ!" ರಂಜಿತಾ ಜೋರಾಗಿ ಅತ್ತುಬಿಟ್ಟಳು. "ನಂದೇ ತಪ್ಪು. ಎಲ್ರೂ ಇಳಿದು ಹೋಗಾಣ. ಅಜ್ಜಿನ ಹುಡ್ಕಾಣ."

ಅಮ್ಮ ಚೀಲಗಳನ್ನು ಎತ್ತಿಕೊಂಡಳು. ರಂಜಿತಾ ಅಜ್ಜಿಯ ಚಪ್ಪಲಿಯನ್ನು ಎದೆಗೆ ಒತ್ತಿಕೊಂಡಳು. ನಾಲ್ವರೂ ಬೋಗಿಯ ಬಾಗಿಲ ಹತ್ತಿರ ಹೋಗಿ ನಿಂತರು.

ಆಗ ಗಡಗಡ ಸದ್ದಿನ ನಡುವೆ, ಮುಂದಿನ ಬೋಗಿಯ ಕಡೆಯಿಂದ ಏನೋ ಕೇಳಿಸಿತು. ಹತ್ತಾರು ಜನ ಒಟ್ಟಿಗೆ ಕೂಗಿದ ಹಾಗಿತ್ತು.

"ಬಂದೇಏಏ!"

ರಂಜಿತಾ ಓಡಿದಳು. ಒಂದು ಬೋಗಿ ದಾಟಿದಳು. ಚಹಾದವನ ಕೈ ಕೆಳಗೆ ನುಸುಳಿ ಇನ್ನೊಂದು ಬೋಗಿಯ ಬಾಗಿಲಿಗೆ ಬಂದಳು.

ಅಲ್ಲಿ ನಡುಮಧ್ಯೆ ಅಜ್ಜಿ ನಿಂತಿದ್ದಳು. ಸುತ್ತ ಕುಳಿತವರೆಲ್ಲರ ಬಾಯಲ್ಲೂ ತೆಂಗಿನಕಾಯಿ ಚೂರು. ಟಿಕೆಟ್ ನೋಡಲು ಬಂದಿದ್ದ ಕರಿಕೋಟಿನ ಟಿ.ಟಿ. ಸಾಹೇಬರೂ ಒಂದು ಚೂರು ಅಗಿಯುತ್ತಿದ್ದರು.

"ರಂಗೇಶಾ!" ಎಂದಳು ಅಜ್ಜಿ.

"ಬಂದೆ!" ಎಂದರು ದಪ್ಪ ಮೀಸೆಯ ತೆಲುಗು ರೆಡ್ಡಿಯವರೊಬ್ಬರು. ಯಾರಾದರೂ 'ಬಂದೆ' ಅನ್ನುವವರೆಗೆ ಈ ಮುದುಕಿ ಕೂಗುವುದನ್ನು ನಿಲ್ಲಿಸುವುದಿಲ್ಲ ಅಂತ ಆ ಬೋಗಿಗೆ ಗೊತ್ತಾಗಿಹೋಗಿತ್ತು. ಮೊದಲು ಎಲ್ಲರೂ ಒಟ್ಟಿಗೆ ಕೂಗುತ್ತಿದ್ದವರು, ಈಗ ಒಬ್ಬೊಬ್ಬರು ಒಂದೊಂದು ಹೆಸರು ಹಂಚಿಕೊಂಡಿದ್ದರು.

"ನೀನಲ್ಲಪ್ಪ. ಲತಾ!"

"ಬಂದೆ!" ಎಂದರು ಟಿ.ಟಿ. ಸಾಹೇಬರು.

"ರಂಜಿತಾ!"

ಬೋಳುತಲೆಯ ತಾತ ಒಬ್ಬರು ಕಾಯಿ ನುಂಗಿ, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲಿನಿಂದ ಕಿರುಚಿದ ದನಿ ಕೇಳಿಸಿತು.

"ಬಂದೇ! ಅಜ್ಜೀ, ಬಂದೇ!"

ರಂಜಿತಾ ಹೋಗಿ ಅಜ್ಜಿಯ ಸೊಂಟ ತಬ್ಬಿಕೊಂಡಳು. ಇಡೀ ಬೋಗಿ ಚಪ್ಪಾಳೆ ತಟ್ಟಿತು. ತನ್ನ ಸರದಿ ಹೋಯಿತಲ್ಲ ಅಂತ ಬೋಳುತಲೆಯ ತಾತನಿಗೆ ಮಾತ್ರ ಸ್ವಲ್ಪ ಬೇಜಾರಾದ ಹಾಗಿತ್ತು.

"ಎಲ್ಲಿ ತಪ್ಪಿಸ್ಕಂಡಿದ್ರಿ ನೀವೆಲ್ಲ?" ಅಂತ ಅಜ್ಜಿ ಗದರಿದಳು. "ಕಾಯಿ ಒಡೆದು ತಿರುಗಾದ್ರೊಳಗೆ ರೈಲು ಹೊಂಟಿತ್ತು. ಈ ಮೀಸೆ ಪುಣ್ಯಾತ್ಮ ಕೈ ಹಿಡಿದು ಒಳಗೆ ಎಳ್ಕಂಡ. ನೋಡಿದ್ರೆ ನೀವ್ಯಾರೂ ಇಲ್ಲ!"

"ಹುಡುಕ್ಕಂಡು ಬರಬಾರದಾ ಅವ್ವ?" ಹಿಂದೆ ಏದುಸಿರು ಬಿಡುತ್ತಾ ಬಂದ ಅಪ್ಪ ಕೇಳಿದ.

"ನಾನೂ ಹುಡುಕ್ತಾ ಹೋಗಿ, ನೀವೂ ಹುಡುಕ್ತಾ ಬಂದ್ರೆ ಇಬ್ರೂ ಸಿಗಲ್ಲ ಕಣೋ. ನಿಂತಲ್ಲೇ ನಿಂತು ಕೂಗಬೇಕು." ಅಜ್ಜಿ ರಂಜಿತಾಳ ಕಡೆ ಬಗ್ಗಿ, ತಗ್ಗಿದ ದನಿಯಲ್ಲಿ ಹೇಳಿದಳು, "ನಿನ್ನ ಮುಂದೆ ಕೂಗಿಲ್ಲವ್ವ. ನೀನು ಇಲ್ಲಿರ್ಲಿಲ್ವಲ್ಲ."

ರಂಜಿತಾಳಿಗೆ ನಗು ಬಂತು, ಅಳುವೂ ಬಂತು. ಅವಳು ಬಗ್ಗಿ ಅಜ್ಜಿಯ ಕಾಲ ಹತ್ತಿರ ಚಪ್ಪಲಿ ಇಟ್ಟಳು.

ಅವರು ಬಂದರಿಗೆ ತಲುಪಿದಾಗ ಇನ್ನೂ ಹೊತ್ತಿತ್ತು. ಹಡಗು ನೋಡಿ ಅಮ್ಮ ಮಿಕ್ಸಿಯನ್ನು ಮರೆತೇಬಿಟ್ಟಳು. ಅದು ಎಷ್ಟು ದೊಡ್ಡದಿತ್ತೆಂದರೆ, ಸಮುದ್ರ ಎಲ್ಲಿದೆ ಅಂತ ಅದರ ಬದಿಯಿಂದ ಇಣುಕಿ ನೋಡಬೇಕಾಗಿತ್ತು.

ದಡದಿಂದ ಹಡಗಿಗೆ ಒಂದು ಸಣ್ಣ ಸೇತುವೆ ಹಾಕಿದ್ದರು. ಬಿಳಿ ಬಟ್ಟೆಯವರು ಬಾಗಿಲಲ್ಲಿ ನಿಂತಿದ್ದರು. ಹಿಂದೆ ಕಪ್ಪು ಕನ್ನಡಕ ಹಾಕಿಕೊಂಡವರ, ಗಾಲಿಯ ಸೂಟ್‌ಕೇಸ್ ಎಳೆಯುವವರ ಉದ್ದನೆಯ ಸಾಲಿತ್ತು.

ಸೇತುವೆಯ ಮೇಲೆ ಕಾಲಿಡುವ ಮೊದಲು ಅಜ್ಜಿ ನಿಂತುಬಿಟ್ಟಳು. ದಡಕ್ಕೂ ಹಡಗಿಗೂ ನಡುವೆ ಹಸಿರು ನೀರು ತುಳುಕುತ್ತಿತ್ತು. ಅಜ್ಜಿ ಆ ನೀರು ನೋಡಿದಳು. ಆಮೇಲೆ ರಂಜಿತಾಳನ್ನು ನೋಡಿದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ನಡಿಯವ್ವ, ಹಿಂದೆ ಜನ ಅವ್ರೆ," ಎಂದ ಅಪ್ಪ. ಅಜ್ಜಿ ಅಲುಗಲಿಲ್ಲ. ಸಾಲಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಗೊಣಗಿದರು.

ರಂಜಿತಾ ಸೇತುವೆಯ ಬಾಯಿಗೆ ಹೋಗಿ ಎಲ್ಲರ ಕಡೆ ತಿರುಗಿ ನಿಂತಳು.

"ರಂಗೇಶಾ!" ಎಂದು ಕೂಗಿದಳು.

ಅಮ್ಮ ಹೌಹಾರಿದಳು. "ಲೇ, ಅಪ್ಪನ ಹೆಸರು ಹಿಡಿದು..."

"ಬಂದೆ!" ಎಂದ ಅಪ್ಪ. ಈ ಸಲ ತಲೆ ತಗ್ಗಿಸಲಿಲ್ಲ.

"ಲತಾ!"

"ಬಂದೆ."

"ರಂಜಿತಾ!" ಎಂದು ತನ್ನನ್ನೇ ಕೂಗಿಕೊಂಡು, ತಾನೇ "ಬಂದೆ" ಅಂದಳು.

"ಶಿವೂ!"

"ಬಂದೇಏಏ!" ಸಾಲಿನಲ್ಲಿದ್ದ ಯಾರದೋ ಮಗು ಹೆದರಿ ಅತ್ತಿತು.

ಅಜ್ಜಿ ಕೂಗುವಾಗ ಇಲ್ಲಿಗೆ ಮುಗಿಯುತ್ತಿತ್ತು. ಯಾವಾಗಲೂ ನಾಲ್ಕೇ ಹೆಸರು. ಅಜ್ಜಿ ಅಷ್ಟು ಜನರನ್ನು ಕೂಗಿ ಕೂಗಿ ದಾಟಿಸಿದ್ದಳು. ಅಜ್ಜಿಯನ್ನು ಯಾರೂ ಕೂಗಿರಲಿಲ್ಲ. ಅದಕ್ಕೇ ಬೆಳಗ್ಗೆ ಅವಳು ಪಕ್ಕದಲ್ಲಿ ಇಲ್ಲದ್ದು ಅಷ್ಟು ದೂರದವರೆಗೆ ಯಾರಿಗೂ ಗೊತ್ತಾಗಿರಲಿಲ್ಲ.

ರಂಜಿತಾ ಎದೆ ತುಂಬ ಉಸಿರು ಎಳೆದುಕೊಂಡಳು.

"ಪಾಲಮ್ಮಾ!"

ಅಜ್ಜಿ ಬೆಚ್ಚಿ, ಯಾರನ್ನು ಕರೆದರು ಅಂತ ಹಿಂದೆ ತಿರುಗಿ ನೋಡಿದಳು. ಮತ್ತೆ ಮೊಮ್ಮಗಳ ಕಡೆ ನೋಡಿದಳು. ಬಾಯಿಗೆ ಹಿಡಿದಿದ್ದ ಸೆರಗು ಕೆಳಗಿಳಿಯಿತು.

"ಬಂದೆ," ಎಂದಳು. ಅಷ್ಟು ದೊಡ್ಡ ಗಂಟಲಿನ ಅಜ್ಜಿಯ ದನಿ ಈಗ ಹೊರಗೇ ಬರಲಿಲ್ಲ.

"ಕೇಳಿಸ್ಲಿಲ್ಲ! ಪಾಲಮ್ಮಾ!"

"ಬಂದೇನವ್ವಾ!"

ಕೂಗಿದ ಹೊಡೆತಕ್ಕೆ ಬಾಗಿಲಲ್ಲಿದ್ದ ಬಿಳಿ ಬಟ್ಟೆಯವನ ಟೋಪಿ ಅಲುಗಾಡಿತು. ರಂಜಿತಾ ಪಕ್ಕಕ್ಕೆ ಸರಿದು ಎಲ್ಲರಿಗೂ ದಾರಿ ಬಿಟ್ಟಳು. ಅಜ್ಜಿ ದಾಟಿ ಹಡಗಿಗೆ ಕಾಲಿಟ್ಟ ಮೇಲೆ, ಕೊನೆಗೆ ತಾನು ದಾಟಿದಳು.