ಗೋಡೆಗೆ ಗುದ್ದಿದ ಲಾರಿಯ ತಡೆಗಳು

ಬ್ರೇಕ್ ಸರಿಯಿದ್ದರೆ ಲಾರಿ ಉರುಳಿದ್ದು ಹೇಗೆ? ಡ್ರೈವರ್ ಹೇಳುವುದು ನಿಜವಾದರೆ ಬ್ರೇಕ್ ಕೆಟ್ಟಿರಬೇಕು. ಆದರೆ ಹಿಂದಿನ ಗಾಲಿಗಳು ಬಂಡೆಯಂತೆ ಬಿಗಿದಿವೆ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಸಾರಿಗೆ ಸುರಕ್ಷತಾ ಇನ್‌ಸ್ಪೆಕ್ಟರ್ ಲಾರಿಯ ಕೆಳಗೆ ಬಗ್ಗಿ ನೋಡಿದ, ಎದ್ದ, ಮತ್ತೆ ಬಗ್ಗಿದ.

ಗೋದಾಮಿನ ಇಳಿಜಾರಿನಲ್ಲಿ ನಿಲ್ಲಿಸಿದ್ದ ಲಾರಿ, ಡ್ರೈವರ್ ಇಳಿದು ಆಫೀಸಿಗೆ ಹೋದ ಮೇಲೆ ತಾನಾಗಿ ಉರುಳಿ ಗೋಡೆಗೆ ಗುದ್ದಿತ್ತು. ನಡುವೆ ಒಬ್ಬ ಹಮಾಲಿ ಸಿಕ್ಕಿ ಸತ್ತಿದ್ದ. ಅವನು ಡ್ರೈವರನ ತಂಗಿಯ ಗಂಡ.

"ನೋಡಿ ಸಾರ್, ಬ್ರೇಕ್ ಕಬ್ಬಿಣದ ಥರ ಗಟ್ಟಿ ಇದೆ," ಎಂದ ಲಾರಿ ಕಂಪನಿಯ ಸುರಕ್ಷತಾ ಅಧಿಕಾರಿ. ಮಾತುಮಾತಿಗೂ ನಿಯಮ ಹೇಳುವ ಆತನಿಗೆ ಡ್ರೈವರ್‌ಗಳು ಇಟ್ಟ ಹೆಸರು ರೂಲ್ಸ್ ಮಾವ. "ಹಾಕೋದು ಮರೆತಿದಾನೆ, ಅಷ್ಟೇ."

* * *

ಠಾಣೆಯ ಬೆಂಚಿನ ಒಂದು ತುದಿಯಲ್ಲಿ ಡ್ರೈವರ್, ಇನ್ನೊಂದು ತುದಿಯಲ್ಲಿ ತಂಗಿ. ನಡುವಿನ ಜಾಗದಲ್ಲಿ ಯಾರೂ ಕೂರಲಿಲ್ಲ.

"ನಿಲ್ಲಿಸೋ ಬ್ರೇಕಿನ ಗುಂಡಿ ಎಳೆದೆ ಸಾರ್. ಉಸ್ ಅಂತ ಗಾಳಿ ಬಿಡ್ತು. ಕುತ್ತಿಗೆಗೆ ಹಗ್ಗ ಹಾಕಿದ್ರೂ ಇದೇ ಮಾತು."

"ಮರೆತಿದ್ರೆ ಮರೆತೆ ಅಂತ ಹೇಳಲಿ," ಎಂದಳು ತಂಗಿ, ಗೋಡೆ ನೋಡುತ್ತ. "ಆಮೇಲೆ ಈ ಜನ್ಮದಲ್ಲಿ ಅಣ್ಣ ಅಂತ ಕರೆಯಲ್ಲ."

ಇನ್‌ಸ್ಪೆಕ್ಟರನಿಗೆ ರೇಗಿತು. ಯಾರ ಮೇಲೆಂದು ಅವನಿಗೇ ತಿಳಿಯಲಿಲ್ಲ. ಕುಡಿದಿದ್ದನೇ? ರಕ್ತಪರೀಕ್ಷೆ ಇಲ್ಲವೆಂದಿತು. ಕಂಪನಿಯ ಮೆಕ್ಯಾನಿಕ್ ಏನಾದರೂ ಎಡವಟ್ಟು ಮಾಡಿದನೇ? ಅವನು ಹೋದ ವಾರದಿಂದ ಆಸ್ಪತ್ರೆಯಲ್ಲಿದ್ದ. ಹಿಡಿದ ದಾರವೆಲ್ಲ ಕೈಯಲ್ಲೇ ತುಂಡಾಗುತ್ತಿತ್ತು. ಠಾಣಾಧಿಕಾರಿ ಸಂಜೆಯೊಳಗೆ ಕೇಸು ದಾಖಲಿಸುವುದಾಗಿ ಹೇಳಿದ.

ಹೊರಡುವಾಗ ಇನ್‌ಸ್ಪೆಕ್ಟರ್ ಕೊನೆಯದೆಂಬಂತೆ ಕೇಳಿದ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಗಾಲಿಗೆ ತಡೆ ಯಾಕೆ ಇಡಲಿಲ್ಲ?

"ಕಂಪನಿ ಕೊಟ್ಟಿದ್ರೆ ತಾನೇ ಇಡೋದು? ಕೇಳಿ ಕೇಳಿ ನಾಲಿಗೆ ಸವೀತು."

ಇನ್‌ಸ್ಪೆಕ್ಟರ್ ಬಾಗಿಲಲ್ಲೇ ನಿಂತ. ಬೆಳಿಗ್ಗೆ ಬಗ್ಗಿ ನೋಡಿದಾಗ ಆ ಲಾರಿಯ ಗಾಲಿಗಳಡಿ ಹಳದಿ ರಬ್ಬರಿನ ಎರಡು ತಡೆಗಳಿದ್ದವು. ಕಂಪನಿ ಕೊಟ್ಟೇ ಇಲ್ಲವೆಂದರೆ ಅವು ಬಂದದ್ದು ಎಲ್ಲಿಂದ?

* * *

ಗೋದಾಮಿನ ಕಾವಲುಗಾರನ ನೆನಪು ಗಟ್ಟಿಯಾಗಿತ್ತು. ಗುದ್ದಿದಾಗ ಗಾಲಿಯಡಿ ಏನೂ ಇರಲಿಲ್ಲ. ಎಲ್ಲರೂ ಹಮಾಲಿಯನ್ನು ಹೊತ್ತುಕೊಂಡು ಗೇಟಿಗೆ ಓಡಿದ್ದರು. ಲಾರಿಯ ಹತ್ತಿರ ಉಳಿದದ್ದು ರೂಲ್ಸ್ ಮಾವ ಮಾತ್ರ. ಹಳದಿ ತಡೆಗಳು ಇರುತ್ತಿದ್ದದ್ದೂ ಆತನ ಕಾರಿನಲ್ಲಿ ಮಾತ್ರ, ಪಾಠ ಮಾಡಿ ತೋರಿಸಲು.

ಇನ್‌ಸ್ಪೆಕ್ಟರ್ ಬೇರೊಂದು ಲಾರಿಯಿಂದ ಪೈಪ್ ಹಾಕಿಸಿ ಗಾಳಿ ತುಂಬಿಸಿದ. ಹಿಂದಿನ ಬ್ರೇಕ್ ಡಬ್ಬಿಗಳಿಂದ ಗಾಳಿ ಬುಸುಗುಟ್ಟಿ ಸೋರಿತು. ಗಾಲಿಗಳು ಸಡಿಲವಾಗಲೇ ಇಲ್ಲ.

ಅವನು ಸುರಕ್ಷತಾ ಅಧಿಕಾರಿಯ ಕಡೆ ತಿರುಗಿದ.

"ಗಾಳಿ ತುಂಬಿದರೆ ಸ್ಪ್ರಿಂಗ್ ಗಾಲಿ ಬಿಡಬೇಕು, ಹೋದರೆ ಹಿಡೀಬೇಕು. ಇದು ಬಿಡ್ತಾನೇ ಇಲ್ಲ. ಹಾಗಾದರೆ ಈ ಲಾರಿ ಇವತ್ತು ಇಲ್ಲಿಗೆ ಹಾರಿಕೊಂಡು ಬಂತಾ?"

ಇನ್‌ಸ್ಪೆಕ್ಟರ್ ಬ್ರೇಕ್ ಡಬ್ಬಿಯ ಮೇಲೆ ಕೈಯಿಟ್ಟ.

"ಕೆಟ್ಟ ಲಾರಿಯನ್ನ ವರ್ಕ್‌ಶಾಪಿಗೆ ಎಳೆಯೋಕೆ ಬೋಲ್ಟ್ ಬಿಗಿದು ಸ್ಪ್ರಿಂಗ್ ಕಟ್ಟಿಹಾಕ್ತಾರೆ. ಆಮೇಲೆ ಗಾಲಿ ಹಿಡಿಯೋದೇ ಇಲ್ಲ. ಗುಂಡಿ ಎಳೆದರೆ ಉಸ್ ಅನ್ನುತ್ತೆ, ಅಷ್ಟೇ. ಹಾಗೆ ಕಟ್ಟಿದ ಲಾರಿಗೆ ಲೋಡು ಹಾಕಿ ಕಳಿಸಿದ್ದೀರಿ. ಹೆಣ ಬಿದ್ದ ಮೇಲೆ ಕೆಳಗೆ ನುಗ್ಗಿ ಬೋಲ್ಟ್ ಬಿಚ್ಚಿದ್ದೀರಿ. ಸ್ಪ್ರಿಂಗ್ ಮತ್ತೆ ಗಾಲಿ ಹಿಡೀತು."

"ನಾನೇ ಅಂತ ಏನು ಗ್ಯಾರಂಟಿ?"

"ಗಾಲಿಗೆ ತಡೆ ಇಡದೆ ಲಾರಿ ಕೆಳಗೆ ಹೋಗಬಾರದು ಅಂತ ವರ್ಷಾನುಗಟ್ಟಲೆ ಪಾಠ ಮಾಡಿದ್ದು ನೀವು. ಇಲ್ಲಿ ಯಾರೂ ಕೇಳಲಿಲ್ಲ, ನಿಮ್ಮ ಕೈ ಮಾತ್ರ ಕೇಳ್ತು. ಗೋಡೆಗೆ ಮೂತಿ ತೂರಿಸಿ ನಿಂತ ಲಾರಿ ಎಲ್ಲಿಗೆ ಓಡೀತು ಮಾವ? ಅದಕ್ಕೂ ನಿಮ್ಮ ಕಾರಿನಿಂದ ತಂದು ತಡೆ ಇಟ್ಟಿರಿ."

ಆತ ಲಾರಿಯ ಮಡ್‌ಗಾರ್ಡ್ ಹಿಡಿದು ಮೆಲ್ಲನೆ ಕೂತ. ಮೆಕ್ಯಾನಿಕ್ ಇರಲಿಲ್ಲ, ಕಟ್ಟಿದ್ದು ತಾನೇ, ಬಿಚ್ಚಿದ್ದೂ ತಾನೇ ಎಂದ.

* * *

ಡ್ರೈವರನನ್ನು ಬಿಟ್ಟರು. ಅವನು ಹೊರಗೆ ಬಂದು ತಂಗಿಯ ಎದುರು ನಿಂತ. ಅವಳು ಅವನ ತೋಳು ಹಿಡಿದು, "ಅಣ್ಣ, ಮನೆಗೆ ನಡಿ," ಎಂದಳು.

ಒಳಗೆ ಇನ್‌ಸ್ಪೆಕ್ಟರ್ ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳುತ್ತಿದ್ದ. ನಿಯಮವನ್ನೇ ಉಸಿರಾಡುವವನು ತಾನಾಗಿ ಇಂಥ ಲಾರಿಯನ್ನು ಕಳಿಸುತ್ತಾನೆಯೇ? ಹೊರಗೆ ಕಂಪನಿಯ ಮಾಲೀಕ ವಕೀಲನ ಜೊತೆ ಕಾರಿನಿಂದ ಇಳಿಯುತ್ತಿದ್ದ. ಸುರಕ್ಷತಾ ಅಧಿಕಾರಿ ಕಿಟಕಿಯಿಂದ ಅವನನ್ನು ನೋಡಿ ತಲೆ ತಗ್ಗಿಸಿದ.

ಆ ಲಾರಿಯನ್ನು ಕಳಿಸಲು ಹೇಳಿದ್ದು ಯಾರೆಂದು ಆತ ಠಾಣೆಯಲ್ಲಿ ಹೇಳಲಿಲ್ಲ, ನ್ಯಾಯಾಲಯದಲ್ಲೂ ಹೇಳಲಿಲ್ಲ.