ಹಳದಿ ಜಾಲರಿ

2004ರ ಫೆಬ್ರವರಿ ಹತ್ತು, ಬೆಳಿಗ್ಗೆ ಎಂಟು ಗಂಟೆ. ಕೊಟ್ಟೂರು ಠಾಣೆಗೆ ಹತ್ತಿ ಜಿನ್ನಿಂಗ್ ಮಿಲ್ಲಿನ ಮಾಲೀಕ ಕೊಟ್ರಬಸಪ್ಪ ಏದುಸಿರು ಬಿಡುತ್ತ ಬಂದ.

"ಮಿಷಿನ್ ಪಟ್ಟಾನ ಕದ್ದಾರ್ರಿ ಸಾಹೇಬ್ರ! ಹತ್ತಿ ಅಂಗಳದಾಗ ಬಿದ್ದೈತಿ."

ಪಿಎಸ್‌ಐ ಪಂಚಾಕ್ಷರಪ್ಪ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಓಬಣ್ಣನೊಂದಿಗೆ ಹೋಗಿ ಪಂಚನಾಮೆ ಮಾಡಿದರು. ಬೀಗ ಒಡೆದಿರಲಿಲ್ಲ. ತಾಮ್ರದ ತಂತಿಯ ಸುರುಳಿ ಇದ್ದಲ್ಲೇ ಇತ್ತು. ಪಟ್ಟಾದ, ಅಂದರೆ ಗಾಲಿ ತಿರುಗಿಸುವ ಬೆಲ್ಟಿನ, ಪಿನ್ನುಗಳನ್ನು ಬಿಚ್ಚಿದವರೇ ಕಾಗದದಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದರು. ಮಿಷಿನ್ನಿಗೆ ಒರಗಿಸಿದ್ದ ಕಬ್ಬಿಣದ ಜಾಲರಿಯ ಹಳದಿ ಬಣ್ಣ ಇನ್ನೂ ಹಸಿಯಾಗಿತ್ತು.

"ಇಂಥ ಮರ್ಯಾದಸ್ಥ ಕಳ್ಳನ್ನ ನಾ ಕಂಡಿಲ್ಲ ಬಿಡ್ರಿ," ಓಬಣ್ಣ ನಕ್ಕ.

"ಏನಿದು ಜಾಲರಿ?" ಪಂಚಾಕ್ಷರಪ್ಪ ಕೇಳಿದರು.

"ಪಟ್ಟಾ ಮುಚ್ಚೋದ್ರಿ. ಅಮಾಸಿ ಪೂಜಿಗೆ ಗಾಲಿಗೆ ವಿಭೂತಿ ಹಚ್ಚಾಕ ಬಿಚ್ಚತೀವಿ. ಮುಂದಿನ ಅಮಾಸಿಗೆ ಮತ್ತ ಬಿಚ್ಚಬೇಕಲ್ಲ ಅಂತ ತಿರುಗಿ ಹಾಕಿಲ್ಲ. ಮೂಲ್ಯಾಗ ಟವಲ್ ಒಣಗ್ಸಾಕ ಇಟ್ಟಿದ್ವಿ. ಬಣ್ಣ ಯಾರು ಬಳದ್ರೋ!" ಎಂದ ಕೊಟ್ರಬಸಪ್ಪ.

ಹೊರಗೆ ಕೂತಿದ್ದ ಕೂಲಿಯಾಕೆ ಅಂಜಿನಕ್ಕನ ಸೆರಗು ಹರಿದಿತ್ತು.

"ಇದು ಹೆಂಗ ಹರೀತವ್ವ?" ಪಂಚಾಕ್ಷರಪ್ಪ ಕೇಳಿದರು.

"ಮೊನ್ನಿ ಪಟ್ಟಾ ಎಳಕೊಂತ್ರಿ. ಟ್ರೇನಿಂಗಿಗೆ ಬಂದಾಳಲ್ರಿ ಗಂಗಾಂಬಿಕಾ, ಆಕಿ ಓಡಿಬಂದು ಸ್ವಿಚ್ ಆರಿಸಿದ್ಲು. ಇಲ್ಲಂದ್ರ ನಿಮ್ ಮುಂದ ಕುಂತು ಮಾತಾಡ್ತಿದ್ದಿಲ್ಲ."

ಗಂಗಾಂಬಿಕಾ ಹಂಪಸಾಗರದವಳು. ವಿಶ್ವವಿದ್ಯಾಲಯದಲ್ಲಿ ಕಾರ್ಖಾನೆ ಸುರಕ್ಷತೆಯ ಡಿಪ್ಲೊಮಾ ಓದುತ್ತಿದ್ದಳು. ತರಬೇತಿ ಮುಗಿದಿದೆ ಎಂದು ಕೊಟ್ರಬಸಪ್ಪ ಸಹಿ ಹಾಕಿದರಷ್ಟೇ ಪಾಸು. ಗೋದಾಮಿನ ಬಾಗಿಲಲ್ಲಿ ನಿಂತಿದ್ದ ಅವಳ ಉಗುರ ಸಂದಿಯಲ್ಲಿ ಹಳದಿ ಕಂಡಿತು.

"ಅರಿಶಿನ ಏನವ್ವ?"

"ಅಲ್ರಿ. ಪೇಂಟು."

"ಪಟ್ಟಾ?"

"ನನ್ನ ರೂಮಿನಾಗ ಐತಿ."

"ಕೀಲಿ ಎಲ್ಲಿಂದ ಬಂತು?"

"ಈ ಅಣ್ಣಾರ ಕೊಟ್ಟಿದ್ರು. ನನ್ನ ನಂಬಿ."

ಕೊಟ್ರಬಸಪ್ಪ ಹಾರಾಡಿದ. "ನಾಕಕ್ಷರ ಕಲ್ತು ನನಗ ಟೋಪಿ ಹಾಕ್ತಿ? ಬಾ, ಸಹಿ ಕೇಳಾಕ ಬಾ, ನೋಡ್ತೀನಿ!"

"ಜಾಲರಿ ಹಾಕ್ರಿ ಅಂತ ದಿನಾ ಬಡಕೊಂಡ್ನೆಲ್ರಿ ಅಣ್ಣಾರ. ನಗತಿದ್ರಿ. ಸಹಿ ಹೋದ್ರ ಹೋಗ್ಲಿ. ಅಂಜಿನಕ್ಕ ಉಳೀಲಿ."

ಪಂಚಾಕ್ಷರಪ್ಪ ಅಂಜಿನಕ್ಕನ ಹರಿದ ಸೆರಗಿನತ್ತ ನೋಡಿದರು. ಆದರೆ ಕಾನೂನು ಕಾನೂನೇ. ಪಟ್ಟಾ ಜಪ್ತಿಯಾಯಿತು. ಮಹಿಳಾ ಕಾನ್‌ಸ್ಟೇಬಲ್ ಗೀತಮ್ಮ ಬಂದು, ಮಗಳನ್ನು ಕರೆದೊಯ್ಯುವಂತೆ ಅವಳ ಕೈ ಹಿಡಿದು ಜೀಪು ಹತ್ತಿಸಿದಳು.

ಮಧ್ಯಾಹ್ನ ಗಂಗಾಂಬಿಕಾಳ ತಾಯಿ ಅನ್ನದಾನಮ್ಮ ರೊಟ್ಟಿ ಗಂಟು ಹಿಡಿದು ಠಾಣೆಗೆ ಬಂದಳು. ಅಂಥ ಬಿಸಿಲಲ್ಲೂ ಸೆರಗನ್ನು ತಲೆಗೆ ಬಿಗಿಯಾಗಿ ಹೊದ್ದಿದ್ದಳು. ಮಗಳನ್ನು ತಬ್ಬಿಕೊಳ್ಳುವಾಗ ಅದು ಜಾರಿತು. ಅರ್ಧ ತಲೆಯಲ್ಲಿ ಕೂದಲಿರಲಿಲ್ಲ. ಹಳೆಯ ಗಾಯದ ಚರ್ಮ ಮಿರುಗುತ್ತಿತ್ತು.

"ಶೇಂಗಾ ಮಿಲ್ಲಿನಾಗ ಪಟ್ಟಾಕ್ಕ ಜಡಿ ಸಿಕ್ಕಿತ್ರಿ," ಎಂದಳು ತಾಯಿ. "ಇಕಿ ಸಣ್ಣಾಕಿ. ನನ್ನ ಸೆರಗು ಹಿಡಕೊಂಡು ಅಲ್ಲೇ ನಿಂತಿದ್ಲು."

ಹೇಳಿಕೆಗೆ ಸಹಿ ಹಾಕಲು ಬಂದಿದ್ದ ಕೊಟ್ರಬಸಪ್ಪ ತಲೆ ತಗ್ಗಿಸಿ ಎದ್ದುಹೋದ.

ಅಮಾವಾಸ್ಯೆಯ ದಿನ ಓಬಣ್ಣ ಮಿಲ್ಲಿಗೆ ಹೋದಾಗ ಹೊಸ ಪಟ್ಟಾ ತಿರುಗುತ್ತಿತ್ತು. ಜಾಲರಿ ಬೋಲ್ಟು ಬಿಗಿದುಕೊಂಡು ಕೂತಿತ್ತು. ಹಳದಿಯ ಮೇಲೆ ಮೂರೆಳೆ ವಿಭೂತಿ.

"ಪೂಜಿಗೆ ಬಿಚ್ಚಲಿಲ್ಲೇನ್ರಿ?"

"ದೇವ್ರು ಏನ್ ಒಳಗಿನ ಗಾಲಿಗೇ ಹಚ್ಚು ಅಂದಾನೇನ್ಲೇ?" ಕೊಟ್ರಬಸಪ್ಪ ಗದರಿದ. ಆಮೇಲೆ ದನಿ ತಗ್ಗಿಸಿದ. "ಆ ಹುಡಿಗಿಗೆ ಜಾಮೀನು ಸಿಕ್ಕೈತಂತಲ್ಲ. ಬಂದು ಸಹಿ ಹಾಕಿಸಿಕೊಂಡು ಹೋಗು ಅಂತ ಹೇಳು."